ಹುಣಸಗಿಗೆ ಹೋಗುವವರ ಕೈಯಲ್ಲಿ

ಯಾದಗಿರಿಯಲ್ಲಿ ರೈಲಿಳಿದು ಬಸ್ ಸ್ಟ್ಯಾಂಡಿಗೆ ಬಂದು ಸೂಟ್‌ಕೇಸನ್ನು ಇನ್ನೂ ನೆಲಕ್ಕಿಟ್ಟಿರಲಿಲ್ಲ. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಕಾಲು ಕಟ್ಟಿದ ಕೋಳಿಯೊಂದನ್ನು ನನ್ನ ಮುಖದ ಹತ್ತಿರಕ್ಕೆ ತಂದು, "ಶಹಾಪುರಕ್ಕ ಹೊಂಟೀರೇನ್ರಿ?" ಎಂದು ಕೇಳಿದಳು. ಕೋಳಿಗೆ ಜೀವ ಇತ್ತು. ನನಗೆ ಹೋಗಿತ್ತು. ಸೂಟ್‌ಕೇಸನ್ನು ಎದೆಗವಚಿಕೊಂಡು "ಇಲ್ಲ" ಎಂದೆ. ನಾನು ನಿಂತಿದ್ದದ್ದು ಶಹಾಪುರದ ಬಸ್ಸಿನ ಬಾಗಿಲಲ್ಲೇ. ಅವಳು ನನ್ನನ್ನೊಮ್ಮೆ, ಬಸ್ಸಿನ ಬೋರ್ಡನ್ನೊಮ್ಮೆ ನೋಡಿ, ನನ್ನ ಹಿಂದಿದ್ದ ಅಜ್ಜನ ಕೈಗೆ ಕೋಳಿ ಕೊಟ್ಟು ಹೊರಟುಹೋದಳು. ಆ ಕೋಳಿ ಶಹಾಪುರದವರೆಗೂ ನನ್ನ ಮುಂದಿನ ಸೀಟಿನಲ್ಲಿ ಅಜ್ಜನ ತೊಡೆಯ ಮೇಲೆ ಕೂತು ನನ್ನ ಕಡೆಗೇ ನೋಡುತ್ತಿತ್ತು.

ಮೈಸೂರಿನಲ್ಲಿ ಕೂತು ಇದನ್ನು ಓದುತ್ತಿರುವ ನೀವು ನನ್ನ ಪಕ್ಷ ವಹಿಸುತ್ತೀರಿ ಎಂದು ಬಲ್ಲೆ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರು ಏನು ಕೊಟ್ಟರೂ ಮುಟ್ಟಬಾರದು ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಅದರಲ್ಲೂ ನನಗೆ ಈ ಬುದ್ಧಿ ಒಂದು ತೂಕ ಜಾಸ್ತಿ. ಹಾಲಿನವನು ನಕ್ಕರೂ ನಾನು ಪಾತ್ರೆಗೆ ಬಗ್ಗಿ ನೋಡುತ್ತೇನೆ ಎಂದು ಅಮ್ಮ ಹಂಗಿಸುತ್ತಾಳೆ. ಮೇಲಾಗಿ ನನ್ನ ಕಸುಬೂ ಅಂಥದ್ದೇ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಕೊನೆಯ ವರ್ಷದ ಹುಡುಗರು ಪೇಟೆಯಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಕೊಂಡುಕೊಂಡು, ರಕ್ಷಾಪುಟದ ಮೇಲೆ ತಮ್ಮ ಹೆಸರು ಹಾಕಿಕೊಂಡು, ಮುಖ ಸಪ್ಪೆ ಮಾಡಿ ಬಂದು ನಿಲ್ಲುವುದನ್ನು ನೋಡಿ ನೋಡಿ ನನ್ನ ಕಣ್ಣು ಪಳಗಿದೆ. ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಶಹಾಪುರದಲ್ಲಿ ನನಗೆ ಸಿಕ್ಕಿದ ಮನೆ ಗುರಮ್ಮ ಎಂಬುವರ ಕಿರಾಣಿ ಅಂಗಡಿಯ ಮೇಲಿನ ಒಂದು ಕೋಣೆ. ನನಗೆ ಅವರ ಮೇಲೆ ಅನುಮಾನ ಬರುವ ಮೊದಲೇ ಅವರಿಗೆ ನನ್ನ ಮೇಲೆ ಬಂದಿತ್ತು. ಮದುವೆಯಾಗದ ಹೆಣ್ಣು, ಒಬ್ಬಳೇ, ಅದೂ ಮೈಸೂರಿನಂಥ ಊರು ಬಿಟ್ಟು ಬಂದಿದ್ದಾಳೆ ಎಂದರೆ ಏನೋ ಇರಲೇಬೇಕು. ಮೆಟ್ಟಿಲ ಮೇಲೇ ನಿಲ್ಲಿಸಿ, "ನೀವು ಯಾವ ಮಂದಿ ಮೇಡಂನೋರ?" ಎಂದು ಕೇಳಿದರು. ಮೈಸೂರಿನಲ್ಲೂ ಇದನ್ನು ಕೇಳುತ್ತಾರೆ, ಇಲ್ಲವೆಂದಲ್ಲ. ಆದರೆ ಅಲ್ಲಿ ಮೊದಲು ನಮ್ಮ ಮೂಲ ಊರು ಕೇಳಿ, ಆಮೇಲೆ ಮನೆದೇವರು ಕೇಳಿ, ಕೊನೆಗೆ "ನಿಮ್ಮನೇಲಿ ಮೊಟ್ಟೆ ತಿಂತೀರಾ?" ಎಂದು ಸುತ್ತು ಹೊಡೆದು ಅದೇ ಬಾಗಿಲಿಗೆ ಬರುತ್ತಾರೆ. ಇಲ್ಲಿ ನೇರವಾಗಿ ಕೇಳಿ, ಉತ್ತರ ಸಿಕ್ಕ ಮೇಲೆ ಮರೆತುಬಿಡುತ್ತಾರೆ. ಯಾವುದು ಮೇಲು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮೊದಲ ತಿಂಗಳು ಊರೆಲ್ಲ ನನ್ನನ್ನು ಬೈಯುತ್ತಿದೆ ಎಂದೇ ಅಂದುಕೊಂಡಿದ್ದೆ. "ಏನ್ ಮಾಡಾಕತ್ತೀರಿ? ಬರ್ರಿ, ಕುಂಡ್ರಿ, ಉಣ್ರಿ!" ಎಂಬುದು ಇಲ್ಲಿ ಪ್ರೀತಿಯ ಮಾತು. ಮೈಸೂರಿನ ಕಿವಿಗೆ ಅದು ಪೊಲೀಸ್ ಠಾಣೆಯಲ್ಲಿ ಕೇಳಿದ ಹಾಗೆ ಕೇಳುತ್ತದೆ. ಸುತ್ತ ಕಾಲುವೆಯ ನೀರು, ಕಣ್ಣು ಹಾಯುವವರೆಗೆ ಭತ್ತದ ಗದ್ದೆ, ಆದರೆ ತಟ್ಟೆಯಲ್ಲಿ ಮಾತ್ರ ಮೊದಲು ಜೋಳದ ರೊಟ್ಟಿ. ಅನ್ನ ಕೊನೆಗೆ, ಅದೂ ಮರ್ಯಾದೆಗೆ ಎನ್ನುವಷ್ಟು. ಗುರಮ್ಮ ಪುಂಡಿ ಪಲ್ಯ ಕೊಟ್ಟು ಕಳಿಸಿದ ದಿನ, ಆ ಹುಳಿ ಸೊಪ್ಪನ್ನು ನೋಡಿ, ಇಷ್ಟು ಬೇಗ ಇಷ್ಟೊಂದು ಉಪಚಾರ ಯಾಕೆ ಎಂದು ಯೋಚಿಸುತ್ತಲೇ ಬಟ್ಟಲು ಖಾಲಿ ಮಾಡಿದೆ. ಬಾಡಿಗೆ ಏರಿಸುತ್ತಾರೇನೋ ಎಂದು ಕಾದೆ. ಏರಿಸಲಿಲ್ಲ. ಅದೂ ಅನುಮಾನಕ್ಕೆ ಎಡೆಮಾಡಿತು. ಇಲ್ಲಿಯವರು ಅನುಮಾನಕ್ಕೆ "ಶಕ್" ಎನ್ನುತ್ತಾರೆ. ನಿಜಾಮರ ಕಾಲದಿಂದ ಉಳಿದುಕೊಂಡ ಉರ್ದು ಮಾತು. "ಮೇಡಂನೋರಿಗೆ ಭಾಳ ಶಕ್" ಎಂದು ಗುರಮ್ಮ ಅಂಗಡಿಗೆ ಬಂದವರ ಹತ್ತಿರ ಹೇಳುವುದು ಮೇಲಿನ ಕೋಣೆಗೂ ಕೇಳುತ್ತಿತ್ತು.

ಹೀಗಿರುವಾಗ ಕಾಲೇಜಿನಲ್ಲಿ ಮೂರು ಜನರ ತಂಡವೊಂದರ ಪ್ರಾಜೆಕ್ಟು ನನ್ನ ಕೈಗೆ ಬಂತು. ಸುರಪುರದ ಹತ್ತಿರದ ಹಳ್ಳಿಯ ನಾಗಮ್ಮ, ಕುರಿ ಸಾಕುವ ಮನೆಯವಳು. ಶಹಾಪುರದವನೇ ಆದ ಮೈಬೂಬ. ಮಾತೇ ಆಡದ ಶರಣು. ಮೂವರೂ ಸೇರಿ, ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿಡುವ ಒಂದು ಆ್ಯಪ್ ಕಟ್ಟಬೇಕೆಂದು ತೀರ್ಮಾನಿಸಿದ್ದರು. ಬೆರಳೊತ್ತಿ ಬಾಯಲ್ಲಿ ಹೇಳಿದರೆ ಸಾಕು. ಎಐ ಅದನ್ನು ಬರಹಕ್ಕಿಳಿಸಿ, ಒಂದೊಂದು ಕೆಲಸವನ್ನೂ ಬಿಡಿಸಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸಿಕೊಡಬೇಕು. ಇಂಥ ಆ್ಯಪುಗಳು ಲೋಕದಲ್ಲಿ ಬೇಕಾದಷ್ಟಿವೆ. ಹಾಗಾಗಿ ಕೊಂಡು ತರುವುದಕ್ಕೂ ಇದಕ್ಕಿಂತ ಸುಲಭವಾದದ್ದಿಲ್ಲ. ನನ್ನ ಕಣ್ಣು ಆಗಲೇ ಕಿರಿದಾಗಿತ್ತು.

ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದುಕೊಟ್ಟೆ. ಏನು ಕೆಲಸ, ಯಾವಾಗ, ಎಷ್ಟು ತುರ್ತು, ಯಾರು ಮಾಡಬೇಕು. ಪುಸ್ತಕದಲ್ಲಿರುವುದೂ ಇದೇ. ಕೆಲಸಕ್ಕೊಬ್ಬ ಯಜಮಾನ ಇರಬೇಕು, ಇಲ್ಲದಿದ್ದರೆ ಅದು ಯಾರ ಕೆಲಸವೂ ಅಲ್ಲ. ಕೆಲವು ದಿನ ಬಿಟ್ಟು ಅವರು ತೋರಿಸಿದ ಆ್ಯಪಿನಲ್ಲಿ "ಯಾವಾಗ" ಎಂಬ ಚೌಕದ ಜಾಗದಲ್ಲಿ "ಯಾವ ಕಡೆ" ಎಂದಿತ್ತು. "ಯಾರು" ಎಂಬುದರ ಎದುರು ಎಲ್ಲ ಕೆಲಸಕ್ಕೂ ಖಾಲಿ.

"ಯಾರು ಅನ್ನೋ ಜಾಗ ಯಾಕೆ ಖಾಲಿ ಬಿಟ್ಟಿದ್ದೀರ?" ಎಂದು ಕೇಳಿದೆ.

"ಕೆಲಸಾ ಆದಮ್ಯಾಲ ತುಂಬತದ್ರಿ ಮೇಡಂ," ಎಂದಳು ನಾಗಮ್ಮ.

"ಯಾರು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಕೆಲಸ ಮಾಡೋರ್ಯಾರು?"

"ಹೋಗೋರು ಮಾಡ್ತಾರ್ರಿ."

"ಯಾರು ಹೋಗೋರು?"

"ಆ ಕಡಿ ಯಾರು ಹೊಂಟಿರ್ತಾರ, ಅವರು."

ಮೈಬೂಬ ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಿದ. ನಾಗಮ್ಮ ಮಾತ್ರ ನನಗೆ ತಿಳಿಯುವವರೆಗೂ ಬಿಡುವ ಹಾಗೆ ಕಾಣಲಿಲ್ಲ. "ನಮ್ಮ ಅಣ್ಣ ಕುರಿ ಹೊಡ್ಕೊಂಡು ಅಡವಿಗೆ ಹೋಗಿರ್ತಾನ್ರಿ. ಇವತ್ತ ಈ ಹೊಲದಾಗ, ನಾಳಿ ಇನ್ನೆಲ್ಲೋ. ರೊಟ್ಟಿ ಬೇಕು, ಕುರಿಗೆ ಔಷಧ ಬೇಕು. ಯಾರು ಒಯ್ತಾರ ಅಂತ ಮೊದಲ ಹ್ಯಾಂಗ ಹೇಳೋದ್ರಿ? ಆ ಕಡಿ ಹೊಂಟವರ ಕೈಯಾಗ ಕೊಟ್ಟು ಬಿಡ್ತೀವಿ. ಮುಟ್ಟತದ. ಯಂತ್ರಕ್ಕ ನಾವು ಇಷ್ಟ ಕಲಿಸೀವಿ, ಯಾರ ಕೆಲಸಾ ಅಂತ ಕೇಳಬ್ಯಾಡ, ಯಾವ ಕಡಿ ಅಂತ ಕೇಳು, ಆ ಕಡಿ ಹೊಂಟವರಿಗೆ ತೋರಿಸು."

ಕೇಳಲು ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತು ಎಂದರೆ, ಇದನ್ನು ಎಲ್ಲಿಂದ ಎತ್ತಿಕೊಂಡು ಬಂದರು ಎಂದು ಅವತ್ತಿಡೀ ಹುಡುಕಿದೆ. ಎಲ್ಲಿಯೂ ಸಿಗಲಿಲ್ಲ. ಸಿಗಲಿಲ್ಲ ಎಂಬುದಕ್ಕೆ ಸಮಾಧಾನ ಪಡುವ ಬದಲು, ನಾನು ಸರಿಯಾಗಿ ಹುಡುಕಲಿಲ್ಲವೇನೋ ಎಂದುಕೊಂಡೆ.

ಆ್ಯಪನ್ನು ಪರೀಕ್ಷೆಗೆಂದು ಗೊತ್ತಿದ್ದ ಮನೆಗಳಿಗೆ ಹಂಚಿದರು. ಗುರಮ್ಮನ ಫೋನಿಗೂ ಬಂತು. ಅವರು ಒಂದು ದಿನ ಬಳಸಿ, ಮರುದಿನ ಫೋನನ್ನು ಜೋಳದ ಡಬ್ಬಿಯೊಳಗೆ ಹೂತಿಟ್ಟರು.

"ಅದು ಯಾವಾಗ್ಲೂ ಕೇಳಿಸ್ಕೋತಿರತದೇನ್ರಿ?" ಎಂದು ಪಿಸುಮಾತಿನಲ್ಲಿ ಕೇಳಿದರು.

"ಇಲ್ಲ, ಬೆರಳು ಒತ್ತಿದಾಗ ಮಾತ್ರ."

"ಕೇಳಿಸ್ಕೊಂಡು ಯಾರಿಗೆ ಹೇಳತದ? ಅದಕ್ಕ ನಮ್ಮ ಮನಿ ಖಬರ್ ಯಾಕ ಬೇಕು?"

ಖಬರ್ ಎಂದರೆ ಸುದ್ದಿ. ಮಾತು ಎಲ್ಲೋ ದೂರದ ಯಂತ್ರಕ್ಕೆ ಹೋಗಿ ಬರಹವಾಗಿ ಬರುತ್ತದೆ ಎಂಬುದು ನಿಜ. ಅಲ್ಲಿ ಅದು ಏನಾಗುತ್ತದೆ ಎಂಬುದನ್ನು ಕಂಪ್ಯೂಟರ್ ಓದಿದ ನಾನೂ ನಂಬಿಕೆಯ ಮೇಲೇ ಬಿಟ್ಟಿದ್ದೆ. ನಂಬಿಕೆ ನನ್ನ ಬಲವಾದ ವಿಷಯವಲ್ಲ. ಗುರಮ್ಮನ ಮೇಲೆ ನನಗೆ ಮೊದಲ ಬಾರಿಗೆ ಗೌರವ ಬಂದದ್ದು ಅವತ್ತು. ಫೋನನ್ನು ಜೋಳದಿಂದ ತೆಗೆಯಿರಿ ಎಂದು ಹೇಳಲು ಬಾಯಿ ಬರಲಿಲ್ಲ.

ಆ್ಯಪಿನ ಪರೀಕ್ಷೆಯ ದಾಖಲೆಗಳು ಕೈಗೆ ಬಂದಾಗ ಕಳ್ಳ ಸಿಕ್ಕಿದ ಎಂದೇ ಅನ್ನಿಸಿತು. ಯಾದಗಿರಿಯಿಂದ ಪಂಪಿನ ಬಿಡಿಭಾಗ ತಂದದ್ದು, ಮಾಡಿದವರು, ಹುಣಸಗಿ ಶಾಂತಮ್ಮ. ಶಹಾಪುರದಿಂದ ಹೊಲಿಗೆಗೆ ಕೊಟ್ಟ ಬಟ್ಟೆ ತಂದದ್ದು, ಹುಣಸಗಿ ಶಾಂತಮ್ಮ. ಸುರಪುರದಲ್ಲಿ ಮಾತ್ರೆ ಕೊಂಡದ್ದು, ಮತ್ತೆ ಶಾಂತಮ್ಮ. ಪುಟ ತಿರುವಿದಷ್ಟೂ ಅದೇ ಹೆಸರು. ಇಷ್ಟೂರು ಸುತ್ತಿ ಇಷ್ಟು ಜನರ ಕೆಲಸ ಮಾಡಿಕೊಡುವ ಪುಣ್ಯಾತ್ಗಿತ್ತಿ ಭೂಮಿಯ ಮೇಲಿದ್ದಾಳೆ ಎಂದು ನಂಬಲು ನಾನೇನು ಹಸುಗೂಸೇ? ಹುಡುಗರು ಒಂದೇ ಫೋನಿನಲ್ಲಿ ಕೂತು, ಒಂದು ಸುಳ್ಳು ಹೆಸರಿನಲ್ಲಿ ಎಲ್ಲವನ್ನೂ ತುಂಬಿದ್ದಾರೆ ಎಂದು ತೀರ್ಮಾನಿಸಿದೆ.

ವಿಷಯ ಸಣ್ಣದಾಗಿರಲಿಲ್ಲ. ವರದಿಯ ಮೇಲೆ ನನ್ನ ರುಜು ಬೀಳದಿದ್ದರೆ ಮೂವರೂ ಆ ವರ್ಷ ಕಳೆದುಕೊಳ್ಳುತ್ತಿದ್ದರು. ನಾಗಮ್ಮನಿಗಂತೂ ಈ ವರ್ಷ ಪಾಸಾದರೆ ಕಲಬುರಗಿಯಲ್ಲಿ ಮುಂದಿನ ಓದು, ಆಗದಿದ್ದರೆ ಓದು ಅಲ್ಲಿಗೇ ಮುಗಿಯಿತು ಎಂದು ಅವಳ ಅಣ್ಣ ಹೇಳಿದ್ದ. ಇನ್ನೊಂದು ಕಡೆ, ಸುಳ್ಳು ದಾಖಲೆಗೆ ರುಜು ಹಾಕಿದರೆ ಹೊಸದಾಗಿ ಕೆಲಸಕ್ಕೆ ಸೇರಿದ ನನ್ನ ಕುತ್ತಿಗೆಗೆ ಬರುತ್ತಿತ್ತು. ಹುಡುಗರನ್ನು ಕೇಳಿದರೆ ಎಚ್ಚರವಾಗುತ್ತಾರೆ. ನಾನೇ ಹೋಗಿ ನೋಡುವುದು ಎಂದು ನಿಶ್ಚಯಿಸಿದೆ. ಭಾನುವಾರ ಗುರಮ್ಮನಿಗೆ "ಸುರಪುರ ನೋಡಿ ಬರ್ತೀನಿ" ಎಂದು ಅರ್ಧ ಸತ್ಯ ಹೇಳಿ, ಹುಣಸಗಿಯ ಬಸ್ಸು ಹತ್ತಿದೆ.

ಸುರಪುರದಲ್ಲಿ ಬಸ್ಸು ನಿಂತಾಗ ಕಿಟಕಿಯೊಳಗೆ ಒಂದು ಕೈ ಬಂತು. ಕೈಯಲ್ಲಿ ಬಾಯಿ ಕಟ್ಟಿದ ಬಟ್ಟೆ ಚೀಲ. "ಹುಣಸಗಿಗೆ ಹೊಂಟೀರೇನ್ರಿ?"

"ಇಲ್ಲ" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಂಡಕ್ಟರು ಹಿಂದಿನಿಂದ ಕೂಗಿದ. "ಹೌದ್ರಿ ಹೌದ್ರಿ, ಮೇಡಂ ಹುಣಸಗಿಗೇ ಹೊಂಟಾರ. ಕೊಡ್ರಿ ಅವರ ಕೈಯಾಗ!"

"ಸ್ಟ್ಯಾಂಡಿನ್ಯಾಗ ಒಬ್ಬಾಕಿ ಬರ್ತಾಳ್ರಿ," ಎಂದಿತು ಕೈ. ಚೀಲ ನನ್ನ ತೊಡೆಯ ಮೇಲೆ ಬಿತ್ತು, ಬಸ್ಸು ಹೊರಟಿತು.

ಹೆಸರಿಲ್ಲ, ಗುರುತಿಲ್ಲ, ಒಳಗೇನಿದೆ ಎಂದು ಹೇಳಲಿಲ್ಲ. ದಾರಿಯುದ್ದಕ್ಕೂ ಆ ಚೀಲವನ್ನು ಬೆರಳ ತುದಿಯಲ್ಲಿ ಒತ್ತಿ ಒತ್ತಿ ನೋಡಿದೆ. ಏನೋ ಗಟ್ಟಿಯಾದದ್ದು ಸಿಕ್ಕಿತು, ಅಲ್ಲಾಡಿಸಿದರೆ ಕಟಕಟ ಎಂದಿತು. ಕದ್ದ ಒಡವೆ ಇರಬಹುದೇ? ಪೊಲೀಸರು ಬಸ್ಸು ನಿಲ್ಲಿಸಿದರೆ ಏನು ಹೇಳುವುದು? ಸೀಟಿನ ಕೆಳಗೆ ತಳ್ಳಿ ಇಳಿದುಬಿಡಲೇ ಎಂದೂ ಯೋಚಿಸಿದೆ. ಆದರೆ ಕಂಡಕ್ಟರು ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ, ಅಥವಾ ನನಗೆ ಹಾಗೆ ಅನ್ನಿಸಿತು.

ಹುಣಸಗಿ ಸ್ಟ್ಯಾಂಡಿನಲ್ಲಿ ಚೀಲವನ್ನು ಮೈಯಿಂದ ದೂರ ಹಿಡಿದು ನಿಂತೆ. ತಲೆಯ ಮೇಲೆ ಜಂಪರ್ ಬಟ್ಟೆಗಳ, ಎಂದರೆ ನಮ್ಮ ರವಿಕೆ ಬಟ್ಟೆಗಳ, ಗಂಟು ಹೊತ್ತ ಹೆಂಗಸೊಬ್ಬಳು ಬೀಸು ನಡಿಗೆಯಲ್ಲಿ ಬಂದು, "ಸುರಪುರದ್ದು ಇದೇನ್ರಿ?" ಎಂದು ಕಿತ್ತುಕೊಂಡ ಹಾಗೆಯೇ ತೆಗೆದುಕೊಂಡಳು. ಗಂಟು ಬಿಚ್ಚಿದಳು. ಒಳಗೆ ಒಂದು ಡಬ್ಬಿ, ಡಬ್ಬಿಯಲ್ಲಿ ಕನ್ನಡಕ.

"ನಮ್ಮತ್ತಿದು. ಕಾಲ್ ಮುರದಿತ್ತು, ರಿಪೇರಿಗೆ ಕೊಟ್ಟಿದ್ವಿ," ಎಂದಳು.

ನನಗೆ ತಡೆಯಲಾಗಲಿಲ್ಲ. "ನಾನು ಯಾರು ಅಂತ ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಎತ್ತಿಕೊಂಡು ಹೋಗಿಬಿಟ್ಟಿದ್ದರೆ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮತ್ತಿ ಕನ್ನಡಕಾ ಒಯ್ದು ನೀವೇನ್ ಮಾಡ್ತಿದ್ರಿ?"

ಆಮೇಲೆ ಫೋನು ತೆಗೆದು, ನನಗೆ ಚೆನ್ನಾಗಿ ಗೊತ್ತಿದ್ದ ಆ ಆ್ಯಪನ್ನು ತೆರೆದಳು. ಮೂಲೆಯಲ್ಲಿ ಅವಳ ಹೆಸರಿತ್ತು. ಹುಣಸಗಿ ಶಾಂತಮ್ಮ. ನಾನು ಸುಳ್ಳು ಎಂದು ತೀರ್ಮಾನಿಸಿದ್ದ ಹೆಂಗಸು ನನ್ನ ಎದುರಿಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಳು. ಯಾದಗಿರಿ, ಶಹಾಪುರ, ಸುರಪುರದ ಸಂತೆಗಳಿಗೆ ಜಂಪರ್ ಬಟ್ಟೆ ಮಾರಲು ಹೋಗುವವಳು. ಹಾಗಾಗಿ ಎಲ್ಲ ಕಡೆಯೂ ಅವಳೇ.

"ನೀವು ಕಾಲೇಜಿನೋರ ಕಾಣ್ತೀರಿ. ಇದನ್ನ ಮಾಡ್ಯಾಳಲ್ಲ, ಆ ಹುಡುಗಿಗೆ ಹೇಳ್ರಿ," ಎಂದು ಜೋರು ಮಾಡಿದಳು. "ಒಮ್ಮಿ ಮಾಡಿಕೊಟ್ಟಿದ್ದಕ್ಕ ಎಲ್ಲಾರ ಕೆಲಸಾ ನನ್ನ ತಲಿಗೇ ಕಟ್ಟತದ ಇದು. ಬಾಯಿಲೆ ಹೇಳಿ ಕಳಿಸೋ ಮಂದಿಗೆ ಆದ್ರ ಮಾರಿ ನೋಡಿ ತಿಳೀತದ, ಪಾಪ ದಣದಾಳ ಅಂತ. ಇದಕ್ಕೇನ್ ತಿಳೀತದ?" ಹಾಗೆ ಬೈಯುತ್ತಲೇ, "ನಿಮ್ಮ ಹೆಸರೇನ್ರಿ? ಚೀಲಾ ಮುಟ್ಟಿಸಿದವರ ಹೆಸರು ಹಾಕಬೇಕು," ಎಂದಳು.

ಗುಟ್ಟಾಗಿ ಬಂದವಳು ಹೆಸರು ಹೇಳುವುದು ಹೇಗೆ? "ನಾನು... ಮೈಸೂರಿನವಳು" ಎಂದೆ. ಅವಳು ಬೆರಳೊತ್ತಿ, ಫೋನಿಗೆ ಗಟ್ಟಿಯಾಗಿ "ಮೈಸೂರಾಕಿ!" ಎಂದು ಕೂಗಿದಳು. ಮೈಸೂರಾಕಿ ಎಂದರೆ ಮೈಸೂರಿನವಳು. ಚಹಾ ಕುಡಿಸದೆ ಬಿಡಲಿಲ್ಲ.

ವಾಪಸು ಬಂದು ವರದಿಗೆ ರುಜು ಹಾಕಿದೆ. ಹುಣಸಗಿಯ ವಿಷಯ ಎತ್ತಲಿಲ್ಲ. ಯಂತ್ರ ಒಮ್ಮೆ ಒಪ್ಪಿಕೊಂಡವರ ಮೇಲೇ ಭಾರ ಹೇರುತ್ತದೆ, ಅದನ್ನು ಸರಿಪಡಿಸಿ ಎಂದು ಮಾತ್ರ, ನನಗೇ ಹೊಳೆದ ಹಾಗೆ ಗಂಭೀರವಾಗಿ ಹೇಳಿದೆ. ನಾಗಮ್ಮ ತಲೆಯಾಡಿಸಿದಳು. ಆಮೇಲೆ ಹೊಸ ದಾಖಲೆಗಳ ಮೇಲೆ ಕಣ್ಣಾಡಿಸುತ್ತಾ ಒಂದು ಸಾಲಿಗೆ ಬಂದು ನಿಂತಳು. ನನ್ನ ಮುಖ ನೋಡಿದಳು. ಮತ್ತೆ ಫೋನು ನೋಡಿದಳು. ಯಾದಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಕೋಳಿ ಹಿಡಿದ ಹೆಂಗಸು ನೋಡಿದ್ದೂ ಹೀಗೆಯೇ.

ಹೊರಗಿನಿಂದ ಪರೀಕ್ಷಕರು ಬಂದ ದಿನ ಮೂವರೂ ಚೆನ್ನಾಗಿಯೇ ಹೇಳಿದರು. ಶರಣು ಕೂಡ ಬಾಯಿ ಬಿಟ್ಟ. ಪರೀಕ್ಷಕರು ದಾಖಲೆಗಳನ್ನು ಮೇಲೆ ಕೆಳಗೆ ಮಾಡುತ್ತಾ, ಒಂದು ಸಾಲಿನ ಮೇಲೆ ಪೆನ್ನು ಇಟ್ಟರು. ಅವರ ಕಣ್ಣು ಕಿರಿದಾದದ್ದನ್ನು ನಾನು ಗುರುತಿಸಿದೆ. ಅದು ನನ್ನದೇ ಕಣ್ಣು.

"ಎಲ್ಲರಿಗೂ ಹೆಸರಿದೆ, ಫೋನ್ ನಂಬರಿದೆ. ಇದೇನಿದು? ಮಾಡಿದವರು, ಮೈಸೂರಾಕಿ. ನಂಬರಿಲ್ಲ. ಕೂತಲ್ಲೇ ತುಂಬಿದ್ದೀರೋ? ಒಂದು ಸುಳ್ಳಾದರೆ ಉಳಿದದ್ದೂ ಸುಳ್ಳೇ. ಹೇಳಿ, ಯಾರಿವಳು?"

ಮೈಬೂಬ ನೆಲ ನೋಡಿದ. ನಾಗಮ್ಮ ನನ್ನ ಕಡೆ ತಿರುಗಲೇ ಇಲ್ಲ. "ಗೊತ್ತಿಲ್ರಿ ಸರ್," ಎಂದಳು. "ಆ ಕಡಿ ಹೊಂಟಿದ್ದವರು ಯಾರೋ ಇರಬೇಕ್ರಿ."

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ತನ್ನ ಕಲಬುರಗಿಯನ್ನು ಅಲ್ಲಿ ಮೇಜಿನ ಮೇಲಿಟ್ಟು, ನನ್ನ ಹೆಸರು ಹೇಳದೆ ನಿಂತಿದ್ದಳು.

"ಅದು ನಾನೇ ಸರ್," ಎಂದು ಎದ್ದು ನಿಂತೆ.

"ನೀವು? ಹುಣಸಗಿಗೆ ಯಾಕೆ ಹೋಗಿದ್ದಿರಿ?"

"ಇವರು ಸುಳ್ಳು ತುಂಬಿದ್ದಾರೆ ಅಂತ ಹಿಡಿಯೋಕೆ."

ಪರೀಕ್ಷಕರು ಪೆನ್ನನ್ನು ಎತ್ತಿ, ನನ್ನನ್ನು ನೋಡಿ, "ಚೀಲ ಮುಟ್ಟಿಸಿದಿರಾ?" ಎಂದರು. "ಮುಟ್ಟಿಸಿದೆ" ಎಂದೆ. ಅವರು ಆ ಸಾಲಿಗೆ ಸರಿ ಗುರುತು ಹಾಕಿದರು.

ಹೊರಗೆ ಬಂದ ಮೇಲೆ ನಾಗಮ್ಮ ನನ್ನ ಹತ್ತಿರ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡೆ. "ನಮ್ಮ ಮ್ಯಾಲ ಶಕ್ ಇದ್ರ ನಮ್ಮನ್ನ ಕೇಳಬೇಕಿತ್ರಿ ಮೇಡಂ. ನಾನಾ ಕರ್ಕೊಂಡು ಹೋಗ್ತಿದ್ದೆ," ಎಂದು ಹೇಳಿ ಹೋದಳು. ಬೈದದ್ದೋ ಪ್ರೀತಿಯೋ ತಿಳಿಯಲಿಲ್ಲ. ಈಗಲೂ ಆ ಮಾತು ನೆನಪಾದರೆ ಮುಖ ಬಿಸಿಯಾಗುತ್ತದೆ. ಆದರೆ ಅನುಮಾನ ಪಟ್ಟದ್ದೇ ತಪ್ಪು ಎಂದು ನಾನು ಒಪ್ಪುವುದಿಲ್ಲ. ಹೋಗಿ ನೋಡದಿದ್ದರೆ ನಾನು ರುಜು ಹಾಕುತ್ತಲೂ ಇರಲಿಲ್ಲ. ಅವಳು ಈಗ ಕಲಬುರಗಿಯಲ್ಲಿ ಓದುತ್ತಿದ್ದಾಳೆ.

ರಜೆಗೆ ಮೈಸೂರಿಗೆ ಬಂದಿದ್ದೆ. ಗುರಮ್ಮನ ಸೊಸೆಗೆ ಕುಬಸದ ಕಾರ್ಯ. ನಮ್ಮ ಸೀಮಂತವನ್ನು ಅಲ್ಲಿ ಕುಬಸ ಎನ್ನುತ್ತಾರೆ. ಮೈಸೂರು ವೀಳ್ಯದೆಲೆ ಬೇಕು ಎಂದು ಗುರಮ್ಮ ಫೋನು ಮಾಡಿದ್ದರು. ನಾನು ಹಿಂದಿರುಗುವಷ್ಟರಲ್ಲಿ ಕಾರ್ಯ ಮುಗಿದಿರುತ್ತದೆ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲದ ಬಾಯಿ ಕಟ್ಟಿ, ನಮ್ಮ ಬಸ್ ಸ್ಟ್ಯಾಂಡಿಗೆ ಹೋಗಿ, ಯಾದಗಿರಿ ಬೋರ್ಡಿನ ಬಸ್ಸು ಹತ್ತುತ್ತಿದ್ದ ಯುವಕನೊಬ್ಬನನ್ನು ಕೇಳಿದೆ, "ಶಹಾಪುರದ ಕಡೆ ಹೋಗ್ತಿದ್ದೀರಾ?"

ಅವನು ಬ್ಯಾಗನ್ನು ಎದೆಗವಚಿಕೊಂಡು "ಇಲ್ಲ" ಎಂದ.

ನಾನು ಅವನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಹೇಳಿದ್ದೆ ಕೂಡ. ಆದರೂ ಅವನ ಮೇಲೆ ಕೆಟ್ಟ ಕೋಪ ಬಂತು. ನಮ್ಮೂರಿನವನೇ, ನಮ್ಮ ಭಾಷೆಯವನೇ, ನಾಲ್ಕು ಎಲೆಗೆ ಹೆದರುತ್ತಾನಲ್ಲ ಎಂದು. ಅಷ್ಟರಲ್ಲಿ ಹಿಂದಿನ ಕಿಟಕಿಯಿಂದ ಒಂದು ಕೈ ಹೊರಬಂತು. "ಶಹಾಪುರಕ್ಕೇನ್ರಿ? ಕೊಡ್ರಿ ಇತ್ತಾಗ." ಬಳೆ ತುಂಬಿದ ಕೈ. ಮುಖ ಕಾಣುವಷ್ಟರಲ್ಲಿ ಬಸ್ಸು ಹೊರಟಿತು.

ಮನೆಗೆ ಬಂದಾಗ ಅಮ್ಮ ಕೇಳಿದಳು, "ಯಾರ ಕೈಲಿ ಕೊಟ್ಟೆ?"

"ನಮ್ಮ ಕಡೆಯವರು ಒಬ್ಬರು ಸಿಕ್ಕಿದರು."

"ನಮ್ಮ ಕಡೆಯವರು ಅಷ್ಟು ದೂರ ಯಾಕೆ ಹೋಗ್ತಿದ್ದಾರೆ?" ಎಂದಳು ಅಮ್ಮ, ಕಾಫಿ ಲೋಟ ಮುಂದಿಡುತ್ತಾ.

ನಾನು ಫೋನು ತೆಗೆದು ಹುಡುಗರ ಆ್ಯಪನ್ನು ನೋಡಿದೆ. ಗುರಮ್ಮನಿಗೆ ಎಲೆ ಮುಟ್ಟಿಸುವುದು, ಶಹಾಪುರದ ಕಡೆ. ಹೆಸರಿನ ಜಾಗ ಖಾಲಿ ಇತ್ತು. ಬಸ್ಸು ಇನ್ನೂ ಶ್ರೀರಂಗಪಟ್ಟಣ ಕೂಡ ದಾಟಿರಲಿಕ್ಕಿಲ್ಲ ಎಂದು ಗೊತ್ತಿದ್ದೂ, ಕಾಫಿ ಆರುವವರೆಗೆ ಆ ಖಾಲಿ ಜಾಗವನ್ನೇ ನೋಡುತ್ತಾ ಕೂತೆ.